ಅವ್ವನ ಚೀಲಕ್ಕೆ ಹಿಡಿಕೆ ಇರಲಿಲ್ಲ

ಚಿಮ್ಮಡ
೬ ಸೆಪ್ಟೆಂಬರ್ ೨೦೧೫, ರವಿವಾರ

ಪ್ರೀತಿಯ ತಂಗಿ ಪೂನಮ್‌ಗೆ,

ಪತ್ರದ ತಲೆಗೆ ‘ಪ್ರೀತಿಯ’ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ಅಷ್ಟನ್ನೇ ಹಿಡಿದುಕೊಂಡು ಅಕ್ಕನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಹೇಗಿದ್ದೀ? ಭಟ್ಟಿಯ ಮುಂದೆ ನಿಂತು ನಿಂತು ಮೊಣಕಾಲು ಬಾತುಕೊಳ್ಳುತ್ತವೆ ಎಂದಿದ್ದೆಯಲ್ಲ, ಎಣ್ಣೆ ಹಚ್ಚುತ್ತೀಯೋ ಇಲ್ಲವೋ? ಹಚ್ಚು. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಗಟ್ಟಿಮುಟ್ಟಾಗಿರಬೇಕು, ಯಾಕೆಂದರೆ ಮೈಯಲ್ಲಿ ಹುಷಾರಿಲ್ಲದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ, ನಿನ್ನನ್ನು ಬೈಯುವುದು ಇನ್ನೂ ಬಹಳ ಉಳಿದಿದೆ. ಇಲ್ಲಿ ನಾವು ಆರಾಮ. ನಿನ್ನ ಭಾವ ಹೊಳೆಪ್ಪ ಕಬ್ಬಿಗೆ ನೀರು ಹಾಯಿಸುವುದರಲ್ಲೇ ಇದ್ದಾರೆ. ನನ್ನ ಅಂಗನವಾಡಿಯ ಮಕ್ಕಳು ದಿನಾ ಅದೇ ನರಿಯ ಕಥೆ ಕೇಳುತ್ತಾರೆ, ದಿನಾ ಅದೇ ಜಾಗದಲ್ಲಿ ನಗುತ್ತಾರೆ.

ಫೋನ್ ಬಿಟ್ಟು ಪತ್ರ ಯಾಕೆ ಎನ್ನುತ್ತೀಯಾ? ಫೋನಿನಲ್ಲಿ ನಾನು ದನಿ ಏರಿಸಿದ ಕೂಡಲೇ “ಅಕ್ಕಾ, ರೇಂಜ್ ಇಲ್ಲ, ಕೇಳಿಸವಲ್ದು” ಎಂದು ಕಟ್ ಮಾಡುತ್ತೀ. ಪತ್ರಕ್ಕೆ ರೇಂಜ್ ಬೇಕಿಲ್ಲ. ಹರಿದು ಒಗೆಯಬಹುದು, ಆದರೆ ಓದದೆ ಹರಿಯುವ ಧೈರ್ಯ ನಿನಗಿಲ್ಲ. ಹಾಗಾಗಿ ಕೂತು ಓದು. ಅಂಗನವಾಡಿಯ ಮಕ್ಕಳಿಗೆ ಹೇಳುವ ಹಾಗೆ ಮೊದಲಿನಿಂದ ಹೇಳುತ್ತೇನೆ. ಇದೆಲ್ಲ ನನಗೆ ಗೊತ್ತಿದ್ದದ್ದೇ ಎಂದು ಹಾರಿಸಿಕೊಂಡು ಹೋಗಬೇಡ. ಗೊತ್ತಿದ್ದಿದ್ದರೆ ನೀನು ಆ ಕೆಲಸ ಮಾಡುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ‘ಹೂಂ’ ಅನ್ನು.

ಬೀಳಗಿಯ ಕಡೆ ಹೊಳೆದಂಡೆಯಲ್ಲಿ ಒಂದು ಊರು. ಊರಲ್ಲಿ ಒಂದು ಓಣಿ. ಓಣಿಯ ತಲೆಗೆ ಬೀರಪ್ಪನ ಗುಡಿ, ಕಾಲಿಗೆ ಹೊಳೆ, ನಡುವೆ ಐದು ಮನೆ. ನಾಗರಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ ಬಂತೆಂದರೆ ಐದೂ ಮನೆಯಲ್ಲಿ ನಸುಕಿನಿಂದ ಪಟಪಟ ಸಪ್ಪಳ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಎಣ್ಣೆಗಾಯಿ, ನಂಜಿಕೊಳ್ಳಲು ಅಗಸಿ ಹಿಂಡಿ, ಶೇಂಗಾ ಹಿಂಡಿ. ಒಂದು ಮನೆಯ ರೊಟ್ಟಿ ಇನ್ನೊಂದು ಮನೆಗೆ ಹೋಗಬೇಕು, ಆ ಮನೆಯದು ಮತ್ತೊಂದಕ್ಕೆ. ತನ್ನ ಮನೆಯ ರೊಟ್ಟಿಯನ್ನು ತಾನೇ ಉಂಡವರಿಗೆ ಅವತ್ತು ಹಬ್ಬ ಆದಂತೆ ಅಲ್ಲ. ಅದಕ್ಕೆ ಎರಡೇ ಕಟ್ಟಳೆ. ರೊಟ್ಟಿ ತಂದ ಪಾತ್ರೆಯನ್ನಾಗಲಿ ಬಟ್ಟೆಯನ್ನಾಗಲಿ ಬರಿದು ಮಾಡಿ ವಾಪಸ್ ಕಳಿಸಬಾರದು, ಇದು ಒಂದು. ಮುರಿದ ರೊಟ್ಟಿಯನ್ನು ಕಳಿಸಬಾರದು, ಇದು ಇನ್ನೊಂದು. ಮುರಿದ ರೊಟ್ಟಿ ನಮ್ಮ ಓಣಿಯಲ್ಲಿ ಯಾವಾಗ ಕೈಗೆ ಬರುತ್ತಿತ್ತು ಎಂಬುದು ನಿನಗೆ ನೆನಪಿರಲಿಕ್ಕಿಲ್ಲ, ನೀನಿನ್ನೂ ಹುಟ್ಟಿರಲಿಲ್ಲ. ಅಪ್ಪ ಮತ್ತು ಕಾಕಾ ಪಾಲಾದ ದಿನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಒಂದು ರೊಟ್ಟಿಯನ್ನು ಎರಡು ಹೋಳು ಮಾಡಿ ಇಬ್ಬರ ಕೈಗೂ ಒಂದೊಂದು ಇಟ್ಟರು. ಅಲ್ಲಿಗೆ ಒಲೆ ಬೇರೆ, ಊಟ ಬೇರೆ, ಮಾತು ಬೇರೆ. ಅಪ್ಪ ಆ ಹೋಳನ್ನು ಉಣ್ಣಲೂ ಇಲ್ಲ, ಒಗೆಯಲೂ ಇಲ್ಲ, ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದ. ಹೂಂ ಅಂದೆಯಾ?

ಆಮೇಲೆ ಆಲಮಟ್ಟಿಯ ಹಿನ್ನೀರು ಬಂತು. ಊರು ಬಿಡುವ ವರ್ಷದ ರೊಟ್ಟಿ ಹಬ್ಬಕ್ಕೆ ನಾನು ಚಿಮ್ಮಡದಿಂದ ತವರಿಗೆ ಹೋಗಿದ್ದೆ. ನೀನು ಲಂಗದ ಜೇಬಿನಲ್ಲಿ ಶೇಂಗಾ ತುಂಬಿಕೊಂಡು ಓಡಾಡುತ್ತಿದ್ದೆ. ಅವ್ವ ಆವತ್ತು ಐದೂ ಮನೆಯಿಂದ ಒಂದೊಂದು ಅರಿವೆಯ ತುಂಡು ಬೇಡಿ ತಂದಳು. ತಳಕ್ಕೆ, ಆಗಲೇ ತೀರಿಕೊಂಡಿದ್ದ ಅಪ್ಪನ ಕಂಬಳಿಯನ್ನು ದುಂಡಗೆ, ರೊಟ್ಟಿಯಷ್ಟೇ ಅಗಲಕ್ಕೆ ಕತ್ತರಿಸಿದಳು. ಸುತ್ತ ಸುಂದರವ್ವ ಅತ್ತೆಯ ಇಳಕಲ್ ಸೀರೆಯ ಸೆರಗು, ಪಾಲಾದಾಗಿನಿಂದ ಮಾತು ಬಿಟ್ಟಿದ್ದರೂ ಊರು ಮುಳುಗುವಾಗ ಹಟ ಬಿಟ್ಟ ಗುರಪ್ಪ ಕಾಕಾನ ರುಮಾಲಿನ ಚೂರು, ಇನ್ನೊಂದು ಇನ್ನೊಂದು. ಕೌದಿ ಹೊಲಿಯುವ ದಾರದಲ್ಲೇ ಹೊಲಿದಳು. “ಹಿಡಿಕಿ ಹಚ್ಚಬೇ ಅವ್ವಾ” ಎಂದು ನಾನೇ ಹೇಳಿದೆ. “ಹಿಡಿಕಿ ಹಚ್ಚಿದ್ರ ಗೂಟಕ್ಕ ಹಾಕ್ತಾರ. ರೊಟ್ಟಿ ಏನ್ ಬಾವಲಿ ಏನ, ಜೋತಾಡಾಕ? ಕೂಸಿನ ಹಂಗ ಉಡ್ಯಾಗ ಇಟ್ಕೊಂಡ ಒಯ್ಯಲಿ” ಎಂದಳು. ಊರು ನೀರಿಗೆ ಹೋಯಿತು. ಸುಂದರವ್ವ ಅತ್ತೆ ಮುಧೋಳಕ್ಕೆ, ಕಾಕಾನ ಮನೆಯವರು ಬೀಳಗಿಯ ಹತ್ತಿರದ ಹೊಸ ಊರಿಗೆ, ಒಬ್ಬರು ಜಮಖಂಡಿಗೆ, ಒಬ್ಬರು ಚಿಕ್ಕಪಡಸಲಗಿಗೆ, ನಮ್ಮ ಅವ್ವ ನಿನ್ನನ್ನು ಕಟ್ಟಿಕೊಂಡು ನನ್ನ ಗಂಡನ ಮನೆಗೆ. ಆದರೂ ಪ್ರತಿ ವರ್ಷ ರೊಟ್ಟಿ ಹಬ್ಬಕ್ಕೆ ಆ ಚೀಲ ಐದೂ ಮನೆ ಸುತ್ತಿತು. ನಮ್ಮ ಮನೆಯಿಂದ ಹೊರಟು ಮುಧೋಳಕ್ಕೆ, ಅಲ್ಲಿ ನಮ್ಮ ರೊಟ್ಟಿ ಇಳಿಸಿ ಅವರ ರೊಟ್ಟಿ ಏರಿಸಿಕೊಂಡು ಬೀಳಗಿಗೆ, ಹಾಗೇ ಜಮಖಂಡಿಗೆ, ಚಿಕ್ಕಪಡಸಲಗಿಗೆ, ಕೊನೆಗೆ ಪಂಚಮಿಯ ಸಂಜೆ ತುಂಬಿಕೊಂಡು ನಮ್ಮ ಹೊಸ್ತಿಲಿಗೆ. ಊರಿನ ಹೆಣ್ಣುಮಕ್ಕಳೆಲ್ಲ ಪಂಚಮಿಗೆ ತವರಿಗೆ ಹೋಗುತ್ತಾರೆ, ಜೋಕಾಲಿ ಆಡುತ್ತಾರೆ. ನನಗೆ ಹೋಗಲು ತವರೆಲ್ಲಿದೆ? ವರ್ಷಕ್ಕೊಮ್ಮೆ ತವರೇ ಆ ಚೀಲದಲ್ಲಿ ಕೂತು ನನ್ನ ಮನೆಗೆ ಬರುತ್ತಿತ್ತು. ಇಷ್ಟು ಕಥೆ. ಇದರಲ್ಲಿ ಯಾವ ಭಾಗ ನಿನಗೆ ತಿಳಿಯಲಿಲ್ಲ?

ಈಗ ನಿನ್ನ ಕಥೆಗೆ ಬರುತ್ತೇನೆ. ಯುಗಾದಿಗೆ ಬಂದೆ. ಪುಣೆಯ ಆ ಜಪಾನಿ ಮಾಲಕಿಬಾಯಿಯ ಬೇಕರಿಯಲ್ಲಿ ನಿನಗೆ ಬಡ್ತಿ ಸಿಕ್ಕಿದೆ ಎಂದೆ, ನಾವು ಸಕ್ಕರೆ ಹಂಚಿದೆವು. ಅಲ್ಲಿ ಕಂಪನಿಗಳ ಜಪಾನಿ ಸಾಹೇಬರು ಸಾಲುಗಟ್ಟಿ ನಿಂತು ಬ್ರೆಡ್ ಒಯ್ಯುತ್ತಾರೆ ಎಂದೆ, ನಾವು ಬಾಯಿ ತೆರೆದು ಕೇಳಿದೆವು. ಹೋಗುವ ದಿನ ಅವ್ವನ ಚೀಲವನ್ನು ಹೇಳದೆ ಕೇಳದೆ ಗೋಡೆಯ ಮಾಡದಿಂದ ತೆಗೆದುಕೊಂಡು, ಅದರ ಬದಲಿಗೆ ಗೂಟಕ್ಕೆ ನಿನ್ನ ಬೇಕರಿಯ ಚೀಲ ತೂಗುಹಾಕಿ ಹೋದೆ. ಬಸ್ಸು ಹತ್ತಿದ ಮೇಲೆ ಫೋನ್ ಮಾಡಿ, “ಅಕ್ಕಾ, ಅದು ಹರಿದಿತ್ತು. ಛಲೋದ ಒಂದ ಇಟ್ಟೇನಿ, ಹತ್ತಿ ಅರಿವಿದು, ನೋಡು” ಎಂದೆ. ರಿಪೇರಿ ಮಾಡಿಸಿ ಪಂಚಮಿಯ ಒಳಗೆ ತಂದುಕೊಡುತ್ತೀ ಎಂದು ನಾನು ತಿಳಿದೆ. ನನ್ನದೇ ಹುಚ್ಚು.

ನಿನ್ನ ಛಲೋ ಚೀಲವನ್ನು ನಾನು ನೋಡಿದ್ದೇನೆ, ಹೊರಗೂ ಒಳಗೂ ನೋಡಿದ್ದೇನೆ. ಹತ್ತಿ ಖರೆ, ದಪ್ಪ ಬಟ್ಟೆ ಖರೆ. ರಬಕವಿಯ ಮಗ್ಗದವರು ನೋಡಿದರೂ ನೂಲಿಗೆ ಹೆಸರಿಡಲಾರರು. ಅದರ ಮೈತುಂಬ ಜಪಾನಿನ ಬ್ರೆಡ್ಡುಗಳ ಚಿತ್ರ. ಒಂದು ಇಟ್ಟಂಗಿಯ ಹಾಗೆ ಚೌಕ. ಒಂದರ ಮೈ ಕರಬೂಜದ ಸಿಪ್ಪೆಯ ಹಾಗೆ ಗೆರೆಗೆರೆ. ಒಂದರ ಒಳಗೆ ಕೆಂಪು ಕಾಳಿನ ಹೂರಣ. ಒಂದರ ಒಳಗೆ ಪಲ್ಯ ತುಂಬಿ ಕರಿದಿದ್ದಾರೆ. ಹೂರಣ ತುಂಬುವುದನ್ನು ನಮಗೆ ಜಪಾನಿನವರು ಬಂದು ತೋರಿಸಬೇಕೇ? ಬುಡದಲ್ಲಿ ಕೋಳಿ ಕೆದರಿದ ಹಾಗೆ ಆ ದೇಶದ ಅಕ್ಷರ. “ರೊಟ್ಟಿ ಹಂಚಿಕೊಂಡ ಉಣ್ಣೋಣು ಅಂತ ಬರದೈತಿ ಅಕ್ಕಾ” ಎಂದು ನೀನೇ ಹೇಳಿದ್ದೆ. ನೀನು ತಂದ ಬ್ರೆಡ್ಡನ್ನೂ ನೋಡಿದೆ. ಒತ್ತಿದರೆ ಕೆಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. “ಎತ್ತಿ ಒಗದ್ರೂ ಮುರಿಯೂದಿಲ್ಲ ನೋಡಕ್ಕಾ” ಎಂದು ಕುಣಿದೆ. ಮುರಿಯದೇ ಇರುವುದು ಏನು ರೊಟ್ಟಿ? ಅದು ದಿಂಬು. ನಿನ್ನ ಭಾವ ಎರಡು ತಿಂದು “ಮೆತ್ತಗೈತಿ” ಎಂದರು. ಅವರಿಗೆ ಕೊಟ್ಟದ್ದೆಲ್ಲ ಛಲೋನೇ, ಅವರ ಮಾತು ಬಿಡು.

ರೊಟ್ಟಿ ಹಬ್ಬದ ನಸುಕು ಬಂತು, ಅವ್ವನ ಚೀಲ ಬರಲಿಲ್ಲ. ನಿನಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ರೊಟ್ಟಿ ಆರುತ್ತಿವೆ, ಮುತ್ತಣ್ಣ ಬೈಕ್ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಮುತ್ತಣ್ಣನನ್ನು ಬೈಯಬೇಡ. ಓಣಿಯ ಮಗ ಅವನೊಬ್ಬನೇ ಈ ಕಡೆ ಉಳಿದವನು, ಕುರಿ ವ್ಯಾಪಾರಕ್ಕೆ ಹೇಗೂ ಎಲ್ಲ ಊರು ಸುತ್ತುತ್ತಾನೆಂದು ಅವ್ವ ಇದ್ದಾಗಿನಿಂದ ಚೀಲ ಒಯ್ಯುವ ಕೆಲಸ ಅವನದು. ಅವ್ವನ ಚೀಲವನ್ನು ಅವನು ಹೊಟ್ಟೆಗೆ ಟವೆಲಿನಿಂದ ಕಟ್ಟಿಕೊಂಡು ಬೈಕ್ ಹೊಡೆಯುತ್ತಿದ್ದ. ಹಿಡಿಕೆ ಇಲ್ಲದ ಚೀಲವನ್ನು ಬೇರೆ ಹೇಗೆ ಒಯ್ಯುತ್ತಾನೆ? ನಾನು ಅವತ್ತು ಬೇರೆ ದಾರಿಯಿಲ್ಲದೆ ನಿನ್ನ ಚೀಲಕ್ಕೆ ರೊಟ್ಟಿ ತುಂಬಿದೆ. ಅದು ಇಟ್ಟಂಗಿ ಬ್ರೆಡ್ಡಿಗೆ ಹೊಲಿದ ಚೀಲ, ತಳ ಸಣ್ಣದು. ನಮ್ಮ ರೊಟ್ಟಿ ಮಲಗುವುದಿಲ್ಲ. ನಿಲ್ಲಿಸಿ ತುಂಬಿದೆ. ಮುತ್ತಣ್ಣ ಅದರ ಉದ್ದ ಹಿಡಿಕೆ ನೋಡಿದ, ಬೈಕಿನ ಹ್ಯಾಂಡಲಿಗೆ ಹಾಕಿದ, ಹೊರಟ. ಮುಧೋಳದ ರಸ್ತೆ ನಿನಗೆ ಗೊತ್ತು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ರಸ್ತೆ ಏನಾಗಿದೆ ಎಂದರೆ, ಮಾರು ಮಾರಿಗೆ ಒಂದು ತಗ್ಗು. ಚೀಲ ಅಲ್ಲಿಯವರೆಗೂ ಜೋತಾಡಿಕೊಂಡು, ಹೆಡ್‌ಲೈಟಿಗೆ ಬಡಿದುಕೊಂಡು ಹೋಗಿದೆ. ಆಮೇಲೆ ನಾನು ಜಗಳ ತೆಗೆದಾಗ ಅವನು, “ಹಿಡಿಕಿ ಇತ್ತಕ್ಕಾ, ಹಾಕಿದ್ನಿ. ಹಿಡಿಕಿ ಇರೂದು ಹಾಕಾಕ ಅಲ್ಲೇನು?” ಎಂದ. ಅವನ ಮಾತಿಗೆ ಉತ್ತರ ಅವ್ವನ ಬಳಿ ಇತ್ತು, ಊರು ಮುಳುಗುವ ಮೊದಲೇ.

ಮುಧೋಳದಲ್ಲಿ ಸುಂದರವ್ವ ಅತ್ತೆ ಚೀಲಕ್ಕೆ ಕೈ ಹಾಕಿದರೆ ಒಂದೂ ಇಡೀ ರೊಟ್ಟಿ ಇಲ್ಲ. ಎಲ್ಲವೂ ಹೋಳು. ಅವಳು ಏನೆಂದು ತಿಳಿಯಬೇಕು, ನೀನೇ ಹೇಳು. ಹಳೆಯ ಚೀಲ ಇಲ್ಲ, ಅವಳ ಸೀರೆಯ ಸೆರಗು ಹೊಲಿದಿದ್ದ ಚೀಲ ಇಲ್ಲ. ಅದರ ಬದಲು ಯಾವುದೋ ದೇಶದ ಚೀಲ, ಅದರ ತುಂಬ ಮುರಿದ ರೊಟ್ಟಿ. ಅವ್ವ ಸತ್ತು ಎರಡು ವರ್ಷ ಆಗುವುದರೊಳಗೆ ಮಕ್ಕಳು ಸಂಬಂಧ ಮುರಿದುಕೊಂಡರು ಎಂದೇ ತಿಳಿದಳು. ನಮ್ಮ ಓಣಿಯಲ್ಲಿ ಹುಟ್ಟಿ ಬೆಳೆದವರು ಯಾರಾದರೂ ಹಾಗೇ ತಿಳಿಯುತ್ತಿದ್ದರು. ಚೀಲ ಝಾಡಿಸಿ, ಮಡಿಸಿ, ಬರಿದಾದದ್ದನ್ನೇ ಮುತ್ತಣ್ಣನ ಕೈಗೆ ಕೊಟ್ಟಳು. “ಹೋಗಿ ಹೇಳಪಾ ಅಕೀಗೆ. ಮುಟ್ಟೇತಿ, ತಿಳದೇತಿ” ಎಂದಳಂತೆ. ಅಷ್ಟೇ. ಬೀಳಗಿಗೆ ಆ ಸುದ್ದಿ ಫೋನಿನಲ್ಲಿ ಮುಟ್ಟಿತು, ಅಲ್ಲಿಂದ ಜಮಖಂಡಿಗೆ, ಅಲ್ಲಿಂದ ಚಿಕ್ಕಪಡಸಲಗಿಗೆ. ರೊಟ್ಟಿ ಹೋಗುವುದಕ್ಕಿಂತ ಬೇಗ ಹೋಯಿತು. ಆ ಪಂಚಮಿಯ ಸಂಜೆ ನಾನು ಹೊಸ್ತಿಲಲ್ಲಿ ಕೂತೆ. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ನಿನ್ನ ಭಾವ ಬಂದು “ಏಳು ಸೋಮವ್ವಾ, ನಮ್ಮ ಮನಿ ರೊಟ್ಟಿನ ಉಣ್ಣೂಣು” ಎಂದರು. ಉಂಡೆವು. ಹಂಚಿಕೊಂಡು ಉಣ್ಣೋಣ ಎಂದು ಬರೆದ ಚೀಲದಿಂದಲೇ ನಮ್ಮ ಹಂಚುವುದು ನಿಂತಿತು. ಹೋಗಿ ನಿನ್ನ ಮಾಲಕಿಬಾಯಿಗೆ ಹೇಳು.

ಮರುದಿನ ನಾನೇ ಮುಧೋಳಕ್ಕೆ ಹೋದೆ. ಸುಂದರವ್ವ ಅತ್ತೆ ಚಾಪೆ ಹಾಸಿದಳು, ನೀರು ಕೊಟ್ಟಳು, ಚಹಾ ಕೊಟ್ಟಳು. ಬೀಗರಿಗೆ ಮಾಡಿದ ಹಾಗೆ ಎಲ್ಲ ಮಾಡಿದಳು. ಮೊದಲಾದರೆ “ಬಾ ಬೇ ಬಾ, ಹಿಟ್ಟ ನಾದು” ಎಂದು ನೇರ ಒಲೆಯ ಮುಂದೆ ಕೂರಿಸುತ್ತಿದ್ದಳು. ಚೀಲದ ಸಂಗತಿ ಹೇಳಿದೆ, ಬೈಕಿನ ಸಂಗತಿ ಹೇಳಿದೆ. ನಂಬಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. “ಹಂಗಾದ್ರ ನಮ್ಮ ಚೀಲ ಎಲ್ಲೈತಿ?” ಎಂದು ಕೇಳಿದಳು. ಪೂನಮ್ ರಿಪೇರಿಗೆ ಒಯ್ದಿದ್ದಾಳೆ ಎಂದೆ. ನಾನು ಹೇಳಿದ್ದು ಸುಳ್ಳು ಎಂದು ನನಗೆ ಆಗ ಗೊತ್ತಿರಲಿಲ್ಲ.

ಯಾಕೆಂದರೆ ಆ ವಾರವೇ ನೀನು ಮುತ್ತಣ್ಣನ ಫೋನಿಗೆ ಫೋಟೋ ಕಳಿಸಿದೆ. ಬೇಕರಿಯಲ್ಲಿ ಏನೋ ಬ್ರೆಡ್ಡಿನ ಹಬ್ಬವಂತೆ. ಗೋಡೆಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ದೀಪ, ದೀಪದ ಕೆಳಗೆ ಅವ್ವನ ಚೀಲ. ಮೇಲೆ ಎರಡು ಮೊಳೆ ಹೊಡೆದು, ಎರಡು ಮೂಲೆ ಹಿಡಿದು ನೇತುಹಾಕಿದ್ದೀರಿ. ಕಂಬಳಿಯ ತಳ ಕೆಳಗೆ ಜೋತುಬಿದ್ದಿದೆ, ಒಳಗೆ ಏನೂ ಇಲ್ಲ. ಹದಿನಾಲ್ಕು ವರ್ಷ ಒಂದು ಗಳಿಗೆಯೂ ಬರಿದಾಗಿ ಹೊಸ್ತಿಲು ದಾಟದ ಚೀಲ. ಮನೆಯಲ್ಲಿ ಇಟ್ಟಾಗಲೂ ಅವ್ವ ಅದರೊಳಗೆ ಹಿಡಿ ಜೋಳ ಹಾಕಿಯೇ ಮಾಡದಲ್ಲಿ ಇಡುತ್ತಿದ್ದಳು. ಆ ಜೋಳ ಎಲ್ಲಿ ಸುರುವಿದೆ? ಕೆಳಗೆ ಇಂಗ್ಲಿಷಿನಲ್ಲಿ ಚೀಟಿ. ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ‘ಹಿಂದೆ ಕರ್ನಾಟಕದ ಹಳ್ಳಿಗಳಲ್ಲಿ ರೊಟ್ಟಿ ಒಯ್ಯಲು ಬಳಸುತ್ತಿದ್ದ ಚೀಲ’ ಎಂದು ಬರೆದಿದೆ. ಹಿಂದೆ! ಬಳಸುತ್ತಿದ್ದ! ನಾನಿನ್ನೂ ಬದುಕಿದ್ದೇನೆ, ಪೂನಮ್. ಸುಂದರವ್ವ ಅತ್ತೆ ಬದುಕಿದ್ದಾಳೆ. ನಮ್ಮ ತಟ್ಟೆಯಲ್ಲಿ ರೊಟ್ಟಿ ಇರುವಾಗ ನಮ್ಮ ಫೋಟೋಕ್ಕೆ ಹಾರ ಹಾಕಿ ಕೂತಿದ್ದೀಯಲ್ಲ, ನಾಚಿಕೆಯಾಗಬೇಕು ನಿನಗೆ.

ನೀನು ಏನು ಹೇಳುತ್ತೀ ಎಂಬುದೂ ನನಗೆ ಗೊತ್ತು. ಕಂಬಳಿಗೆ ನುಸಿ ಹಿಡಿದಿತ್ತು, ಗಾಜಿನಲ್ಲಿ ಇಟ್ಟರೆ ಉಳಿಯುತ್ತದೆ, ನಾಲ್ಕು ಜನ ನೋಡಿ ಕೈ ಮುಗಿಯುತ್ತಾರೆ ಎನ್ನುತ್ತೀ. ನುಸಿ ಹಿಡಿದರೆ ಬಿಸಿಲಿಗೆ ಹಾಕಬೇಕು, ಹರಿದರೆ ಹೊಲಿಯಬೇಕು, ಹೊಲಿಯಲು ಬಾರದಷ್ಟು ಹರಿದರೆ ಐದು ಮನೆಯಿಂದ ಮತ್ತೆ ಐದು ತುಂಡು ಬೇಡಬೇಕು. ಯುಗಾದಿಯ ದಿನ ನೀನು ಆಡಿದ ಇನ್ನೊಂದು ಮಾತನ್ನೂ ನಾನು ಮರೆತಿಲ್ಲ. “ಮುಳುಗಿದ ಊರ ಮುಳುಗೇತಿ ಅಕ್ಕಾ. ಅದಕ್ಕ ಇನ್ನೂ ಎಷ್ಟ ವರ್ಷ ರೊಟ್ಟಿ ಬಡೀತಿ?” ಎಂದೆ. ನಾನು ಊರಿಗೆ ರೊಟ್ಟಿ ಬಡಿಯುತ್ತಿಲ್ಲ. ನಾಲ್ಕು ಮನೆಯ ನಾಲ್ಕು ಹೆಂಗಸರಿಗೆ ಬಡಿಯುತ್ತೇನೆ. ಅವರು ಮುಳುಗಿಲ್ಲ. ನಿನಗೆ ರೊಟ್ಟಿ ಬಡಿಯಲು ಕಲಿಸಿದವಳು ಅವ್ವನಲ್ಲ, ಸುಂದರವ್ವ ಅತ್ತೆ. ನಿನ್ನ ಪುಟ್ಟ ಕೈ ಹಿಡಿದು ಹಿಟ್ಟಿನ ಮೇಲೆ ತಿರುಗಿಸಿದಳು, ನಿನ್ನ ಮೊದಲನೆಯ ಅಡ್ಡಾದಿಡ್ಡಿ ರೊಟ್ಟಿಯನ್ನು ತಾನೇ ಉಂಡಳು. ಈಗ ಆ ಕೈಯಿಂದ ಜಪಾನಿನ ಹಿಟ್ಟು ನಾದಿ ಹೆಸರು ಮಾಡುತ್ತಿದ್ದೀ. ಮಾಡು. ನಾನು ಬೇಡ ಎನ್ನುವುದಿಲ್ಲ. ಆದರೆ ಕಲಿಸಿದವಳ ಸೆರಗನ್ನು ಮೊಳೆಗೆ ಹೊಡೆದು ಹೆಸರು ಮಾಡಬೇಡ.

ಮಹಾನವಮಿ ಬರುತ್ತಿದೆ. ಬನ್ನಿ ಕೊಡುವ ದಿನ ಮಾತು ಬಿಟ್ಟ ಮನೆಗಳಿಗೂ ಹೋಗಿ ಬನ್ನಿ ಕೊಟ್ಟು ಬರುವುದು ರೂಢಿ. ಆದರೆ ಮುರಿದ ರೊಟ್ಟಿ ಮುಟ್ಟಿದ ಮನೆ ಬಾಗಿಲು ತೆರೆಯುವುದಿಲ್ಲ. ಈ ಮಹಾನವಮಿ ಹಾಗೇ ದಾಟಿತೆಂದರೆ ಐದು ಮನೆಯ ಕಥೆ ಮುಗಿಯಿತು. ಆಮೇಲೆ ನಿನ್ನ ಚೀಟಿಯ ಮಾತು ಖರೆ ಆಗುತ್ತದೆ, ನೀನೇ ಅದರ ಕೆಳಗೆ ಸಹಿ ಹಾಕು. ಅದಕ್ಕೆ ಹೇಳುತ್ತೇನೆ. ಗಾಜು ತೆಗೆಸು, ಮೊಳೆ ಕೀಳು, ಚೀಲ ಬಿಚ್ಚು. ತೊಳೆಯಬೇಡ. ಅಗಸಿ ಹಿಂಡಿಯ ಎಣ್ಣೆಯ ಕಲೆ ಇರುತ್ತದೆ, ಇರಲಿ. ಮಹಾನವಮಿಗೆ ಮೊದಲು ನನಗೆ ಪಾರ್ಸೆಲ್ ಮಾಡು. ನೀನು ಬರುವುದು ಬೇಡ. ನಿನ್ನ ಮುಖ ನೋಡುವಷ್ಟು ಸಮಾಧಾನ ನನ್ನಲ್ಲಿ ಇನ್ನೂ ಇಲ್ಲ. ನಿನ್ನ ಬ್ರೆಡ್ಡಿನ ಚೀಲಕ್ಕೆ ಬೆಳ್ಳುಳ್ಳಿ ತುಂಬಿ ಅಡುಗೆಮನೆಯ ಗೂಟಕ್ಕೆ ಹಾಕಿದ್ದೇನೆ. ಹಿಡಿಕೆ ಇರುವುದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಬೇಕಿದ್ದರೆ ಗಾಜಿನ ಪೆಟ್ಟಿಗೆಗೆ ಅದನ್ನೇ ಕಳಿಸುತ್ತೇನೆ, ಬೆಳ್ಳುಳ್ಳಿಯ ಸಮೇತ.

ಬೀರಪ್ಪ ನಿನ್ನನ್ನು ಚೆನ್ನಾಗಿ ಇಡಲಿ. ಬುದ್ಧಿಯನ್ನೂ ಒಂದಿಷ್ಟು ಕೊಡಲಿ, ನಾನು ಕೊಟ್ಟದ್ದು ಸಾಲಲಿಲ್ಲ. ನಿನ್ನ ಭಾವ ಆಶೀರ್ವಾದ ಹೇಳಿದ್ದಾರೆ. ನಾನೂ ಹೇಳಿದ್ದೇನೆ ಎಂದು ತಿಳಿದುಕೋ.

ಇಂತಿ ನಿನ್ನ ಅಕ್ಕ, ಅದು ತಪ್ಪಿಸಿಕೊಳ್ಳಲು ಬರುವುದಿಲ್ಲ,
ಸೋಮವ್ವ

ತಾ.ಕ.: ಇದನ್ನು ಬರೆಯಬಾರದೆಂದೇ ಇದ್ದೆ. ಲಕೋಟೆಗೆ ಅಂಟು ಹಚ್ಚಿದ ಮೇಲೆ ಮನಸ್ಸು ತಡೆಯಲಿಲ್ಲ, ಬಿಚ್ಚಿ ಬರೆಯುತ್ತಿದ್ದೇನೆ. ಮುಧೋಳದಲ್ಲಿ ಸುಂದರವ್ವ ಅತ್ತೆ ಕೊನೆಗೆ ಒಂದು ಮಾತು ಹೇಳಿದ್ದಳು. “ಚೀಲ ನಿನ್ನ ಕೈಯಿಂದ ಬಂದ್ರ ನಾ ತಗೊಳ್ಳೂದಿಲ್ಲ ಸೋಮವ್ವಾ, ಪೋಸ್ಟಿನವನ ಕೈಯಿಂದ ಬಂದ್ರೂ ತಗೊಳ್ಳೂದಿಲ್ಲ. ಒಯ್ದಾಕಿ ಬಂದು ನನ್ನ ಉಡ್ಯಾಗ ಇಡ್ಲಿ” ಎಂದಳು. ಹಾಗಾಗಿ ಪಾರ್ಸೆಲ್ ಬೇಡ. ನೀನೇ ಬಾ. ನನ್ನ ಸಲುವಾಗಿ ಅಲ್ಲ. ಮೊದಲು ಮುಧೋಳಕ್ಕೆ ಇಳಿ, ಆಮೇಲೆ ಇಲ್ಲಿಗೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾ, ಮೇಲೆ ಸಾಮಾನಿನ ಜೊತೆ ಒಗೆಯಬೇಡ. ಬರಿದು ತರಬೇಡ. ಪುಣೆಯಲ್ಲಿ ನಿನಗೆ ಜೋಳದ ರೊಟ್ಟಿ ಎಲ್ಲಿ ಸಿಗಬೇಕು, ನಿನ್ನ ಆ ಹೂರಣದ ಬ್ರೆಡ್ಡನ್ನೇ ತುಂಬಿಕೊಂಡು ಬಾ. ಅದು ಮುರಿಯುವುದಿಲ್ಲವಲ್ಲ.